ಮಂಜೂರಾದದ್ದು ಆರು, ಮುಟ್ಟಿದ್ದು ಒಂದೂವರೆ

ಲಕ್ಕಲಕಟ್ಟಿ ಸೀಮೆಯಲ್ಲಿ ಇಷ್ಟು ವರ್ಷ ಯಾವ ಅಧಿಕಾರಿಯ ಮೇಲೂ, ಯಾವ ಇಲಾಖೆಯ ಮೇಲೂ ಒಂದು ಮಾತು ಬರದಂತೆ ಕಾಪಾಡಿಕೊಂಡು ಬಂದದ್ದು ಒಂದು ಹಾರ್ಡ್ ಡಿಸ್ಕ್. ಎರಡೂವರೆ ಇಂಚಿನದು, 160 ಜಿಬಿ ಹೊಟ್ಟೆ, ನಿಮಿಷಕ್ಕೆ 5400 ಸುತ್ತು. ಅದು ಮನೆ ಮಾಡಿಕೊಂಡಿದ್ದ ಲ್ಯಾಪ್‌ಟಾಪು ಕರ್ರಗಿನದು, ಕೀಬೋರ್ಡಿನ ನಟ್ಟನಡುವೆ ಕೆಂಪು ಗುಂಡಿ ಇರುವಂಥದು. ಬೆಂಗಳೂರಿನ ಯಾವುದೋ ಕಂಪನಿಯಲ್ಲಿ ಅಮೆರಿಕದ ಬ್ಯಾಂಕುಗಳ ಲೆಕ್ಕ ನೋಡಿ, ವಯಸ್ಸಾದ ಮೇಲೆ ಲಾಟಿನಲ್ಲಿ ಮಾರಾಟವಾಗಿ, ಎಸ್.ಪಿ. ರೋಡಿನ ಮಳಿಗೆಯಲ್ಲಿ ಒಂದಷ್ಟು ದಿನ ಧೂಳು ತಿಂದು, ಹುಬ್ಬಳ್ಳಿಗೆ ಬಂದು, ಅಲ್ಲಿಂದ ವಾಯವ್ಯ ಸಾರಿಗೆಯ ಬಸ್ಸು ಹತ್ತಿ ನಮ್ಮ ಕಡೆ ಇಳಿದ ಪ್ರಾಣಿ ಅದು. ನಗರದವರು ಬಿಟ್ಟದ್ದನ್ನೆಲ್ಲ ಹಳ್ಳಿಯವರು ಹೊಸದೆಂದು ಹೂವಿಟ್ಟು ಬರಮಾಡಿಕೊಳ್ಳುವುದು ರೂಢಿ. ಇದಕ್ಕೂ ಊದಿನಕಡ್ಡಿ ಬೆಳಗಿದ್ದರು.

ಲ್ಯಾಪ್‌ಟಾಪಿನ ಒಡೆಯ ಒಬ್ಬ ಹುಡುಗ. ಅಂಗಡಿಯ ಮುಂದೆ ಬೋರ್ಡು: ಝೆರಾಕ್ಸ್, ಪಾಸ್‌ಪೋರ್ಟ್ ಫೋಟೊ, ಲಗ್ನಪತ್ರ, ಪಹಣಿ, ಎಲ್ಲ ತರಹದ ಆನ್‌ಲೈನ್ ಅರ್ಜಿ ಹಾಕಲಾಗುವುದು. ಸರಕಾರ ತನ್ನ ಕೆಲಸವನ್ನೆಲ್ಲ ಆನ್‌ಲೈನ್ ಮಾಡಿತು ಎಂದರೆ ಅರ್ಥ ಇಷ್ಟೇ: ಮೊದಲು ಸರಕಾರದ ಸಂಬಳ ತಿನ್ನುವವರು ಮಾಡುತ್ತಿದ್ದ ಕೆಲಸವನ್ನು ಈಗ ಸಂಬಳವಿಲ್ಲದ ಹುಡುಗನೊಬ್ಬ ತನ್ನ ಕರೆಂಟಿನಲ್ಲಿ, ತನ್ನ ಮಷೀನಿನಲ್ಲಿ ಮಾಡುತ್ತಾನೆ. ಬೈಗುಳ ಮಾತ್ರ ಮೊದಲಿನಷ್ಟೇ, ಅದೂ ಅವನ ಪಾಲಿಗೇ.

ಆ ಬೈಗುಳವನ್ನು ಅವನು ಎಂದೂ ಮೈಮೇಲೆ ಹಾಕಿಕೊಳ್ಳಲಿಲ್ಲ. ಡಿಸ್ಕಿನ ಮೇಲೆ ಹಾಕಿದ. ಪಹಣಿ ಬರಲಿಲ್ಲವೇ? ಲ್ಯಾಪ್‌ಟಾಪ್ ಸ್ಲೋ ಐತ್ರಿ. ಬೆಳೆವಿಮೆಯ ಕೊನೆಯ ದಿನ ದಾಟಿತೇ? ಲ್ಯಾಪ್‌ಟಾಪ್ ಸ್ಲೋ ಐತ್ರಿ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ಅರ್ಜಿ ಶುರುವಾದಾಗ ಇಡೀ ರಾಜ್ಯದ ಹೆಣ್ಣುಮಕ್ಕಳು ಸರ್ವರ್ ಮುಂದೆ ಸಾಲುಗಟ್ಟಿ ನಿಂತಿದ್ದರು, ಸರ್ವರ್ ಏದುಸಿರು ಬಿಡುತ್ತಿತ್ತು. ಪತ್ರಿಕೆಗಳಲ್ಲಿ ಸರಕಾರಕ್ಕೆ ಛೀಮಾರಿ ಬಿತ್ತು. ನಮ್ಮೂರಿನಲ್ಲಿ ಮಾತ್ರ ಸರಕಾರಕ್ಕೆ ಯಾರೂ ಒಂದು ಮಾತೂ ಅನ್ನಲಿಲ್ಲ. “ಆ ಹುಡುಗನ ಡಬ್ಬಿ ಗರ್ ಅಂತೈತಿ, ಅದಕ್ಕ ಹತ್ತವಲ್ದು” ಎಂದು ಬಿಸಿಲಿಗೆ ಸೆರಗು ಹೊದ್ದು ಕೂತರು. ಕಚೇರಿಯವರೂ ಇದನ್ನು ಬಹಳ ಬೇಗ ಕಲಿತರು. “ನಮ್ಮ ಕಡಿಂದ ಎಲ್ಲಾ ಆಗೇತ್ರಿ, ಅಲ್ಲಿ ಅಂಗಡ್ಯಾಗ ಮಷೀನ್ ಹಳೇದು” ಎಂದರೆ ಮುಗಿಯಿತು. ಬ್ಯಾಂಕಿನವರೂ ಹಾಗೇ. ಮತ ಕೇಳಲು ಬಂದವರೂ ಹಾಗೇ. ವಿಧಾನಸೌಧದಿಂದ ಹೊರಟ ತಪ್ಪು ಜಿಲ್ಲೆ, ತಾಲ್ಲೂಕು ಇಳಿದು ಕೊನೆಗೆ ಆ ಎರಡೂವರೆ ಇಂಚಿನ ಡಬ್ಬಿಯಲ್ಲಿ ಬಂದು ತಂಗುತ್ತಿತ್ತು. 160 ಜಿಬಿಯಲ್ಲಿ ಎಷ್ಟೊಂದು ಇಲಾಖೆಗಳ ಮಾನ ಹಿಡಿಸಿತ್ತು ನೋಡಿ.

ಇಂಥ ವ್ಯವಸ್ಥೆಯನ್ನು ಕೆಡಿಸಿದವನು ಹುಡುಗನ ಸೋದರಮಾವನ ಮಗ. ಬೆಂಗಳೂರಿನಲ್ಲಿ ಸಾಫ್ಟ್‌ವೇರು. ಉಗಾದಿಗೆ ಊರಿಗೆ ಬಂದಿದ್ದ. ನಮ್ಮ ಕಡೆ ಉಗಾದಿ ಎಂದರೆ ಗಜೇಂದ್ರಗಡದ ಹತ್ತಿರದ ಕಾಲಕಾಲೇಶ್ವರ. ಹಬ್ಬದ ಹಿಂದಿನ ರಾತ್ರಿ ಪೂಜಾರಿ ಗುಡಿಯಲ್ಲಿ ಸುಣ್ಣ, ಕುಂಚ, ಜೊತೆಗೊಂದು ಹುಕ್ಕಾ ಇಟ್ಟು ಬಂದರೆ ಬೆಳಗಾಗುವುದರೊಳಗೆ ಗುಡಿ ತಾನೇ ಸುಣ್ಣ ಬಳಿದುಕೊಂಡಿರುತ್ತದೆ, ಹುಕ್ಕಾ ಸೇದಿದಂತಿರುತ್ತದೆ ಎಂದು ನಂಬಿಕೆ. ರಾತ್ರೋರಾತ್ರಿ ಅಪ್‌ಡೇಟ್, ಬೆಳಗ್ಗೆ ಕೆಲಸ ಮುಗಿದಿರುತ್ತದೆ, ಆಧಾರ್ ಓಟಿಪಿ ಯಾರೂ ಕೇಳುವುದಿಲ್ಲ. ದೇವರ ದರ್ಶನ ಮುಗಿಸಿ ಅಂಗಡಿಗೆ ಬಂದ ಈ ಸಾಫ್ಟ್‌ವೇರಿನವನು ಲ್ಯಾಪ್‌ಟಾಪ್ ಚಾಲೂ ಆಗುವುದನ್ನು ನೋಡುತ್ತ ಒಂದು ಚಹಾ ಕುಡಿದ, ಎರಡನೆಯದನ್ನೂ ಕುಡಿದ, ಮೂರನೆಯದು ಬರುವ ಹೊತ್ತಿಗೆ ಸಹನೆ ತಪ್ಪಿತು.

“ಏ ಮಾರಾಯಾ, ಇದರಾಗ ಒಂದು ಎಸ್‌ಎಸ್‌ಡಿ ಹಾಕಬಾರದೇನೋ?”

“ಹಾಕಿದ್ರ?”

“ಹಾಕಿದ್ರ ಅರ್ಧ ನಿಮಿಷದಾಗ ಚಾಲೂ ಆಕ್ಕೈತಿ.”

“ಅರ್ಧ ನಿಮಿಷದಾಗ ಚಾಲೂ ಆದ್ರ ಉಳದ ಹೊತ್ತಿನ್ಯಾಗ ಏನ್ ಮಾಡೂದು?”

ಹುಡುಗನ ಈ ಪ್ರಶ್ನೆಗೆ ಬೆಂಗಳೂರಿನವನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಯಾರ ಹತ್ತಿರವೂ ಇಲ್ಲ.

ತಿರುಗುವ ತಟ್ಟೆಯ ಬದಲು ಮೆಮೊರಿ ಚಿಪ್ಪಿನಲ್ಲೇ ಎಲ್ಲ ಇಟ್ಟುಕೊಳ್ಳುವ ಆ ಎಸ್‌ಎಸ್‌ಡಿ ತರಿಸಿದರು. ಹಿಂದಿನ ವರ್ಷ ತರಿಸಿದ್ದರೆ ಅಗ್ಗಕ್ಕೆ ಸಿಗುತ್ತಿತ್ತು. ಅಷ್ಟರಲ್ಲಿ ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳಿಗೆಲ್ಲ ಕೃತಕ ಬುದ್ಧಿ ಬೇಕೆನಿಸಿ, ಅದಕ್ಕಾಗಿ ಕಟ್ಟಿದ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಸಗಟಾಗಿ ಎತ್ತಿಕೊಂಡು ಹೋಗಿ, ಬೆಲೆ ಏರಿಬಿಟ್ಟಿತ್ತು. ಕ್ಯಾಲಿಫೋರ್ನಿಯಾದಲ್ಲಿ ಯಂತ್ರಕ್ಕೆ ಬುದ್ಧಿ ಬರಬೇಕಾದರೆ ಅದರ ದಂಡ ಗಜೇಂದ್ರಗಡ ತಾಲ್ಲೂಕಿನ ಝೆರಾಕ್ಸ್ ಅಂಗಡಿಯವನು ಕಟ್ಟಬೇಕು. ಕಟ್ಟಿದ.

ಇಂಥ ಹಳೇ ಲ್ಯಾಪ್‌ಟಾಪುಗಳ ಒಂದು ಗುಣ ಮೆಚ್ಚಬೇಕು. ಬಿಚ್ಚಲು ಬರುತ್ತವೆ. ಈಗಿನವು ಅಂಟು ಹಾಕಿ ಮುಚ್ಚಿದ ಮಾಲು, ಒಳಗೇನಿದೆ ಎಂದು ಕೇಳುವುದೇ ಅಪರಾಧ. ಇದರಲ್ಲಿ ಬ್ಯಾಟರಿ ತೆಗೆದು, ತಳದಲ್ಲಿರುವ ಒಂದೇ ಒಂದು ತಿರುಪನ್ನು ಸಡಿಲಿಸಿದರೆ ಬಲಮಗ್ಗುಲಿನ ಮುಚ್ಚಳ ಕೈಗೆ ಬರುತ್ತದೆ. ಒಳಗೆ ಡಿಸ್ಕಿಗೆ ಅಂಟಿಸಿದ ಪ್ಲಾಸ್ಟಿಕ್ಕಿನ ನಾಲಿಗೆ. ಅದನ್ನು ಹಿಡಿದು ಎಳೆದರೆ ಡಿಸ್ಕು ಸರಕ್ಕನೆ ಹೊರಗೆ. ಎರಡೂ ಬದಿಗೆ ಕಪ್ಪು ರಬ್ಬರಿನ ಪಟ್ಟಿ, ಬಸ್ಸಿನಲ್ಲಿ ಕುಲುಕಾಡಿದರೂ ಪೆಟ್ಟು ಬೀಳದಿರಲಿ ಎಂದು. ಆ ಪಟ್ಟಿಗಳನ್ನು ಬಿಡಿಸಿ ಹೊಸದಕ್ಕೆ ತೊಡಿಸಿದರು. ಆದರೆ ಹಳೆಯದರ ದಪ್ಪ ಒಂಬತ್ತೂವರೆ ಮಿಲಿಮೀಟರು, ಹೊಸದು ಏಳೇ. ಒಳಗೆ ಹಾಕಿದರೆ ಅಲುಗಾಡುತ್ತದೆ. ಹುಡುಗ ಹಿಂದೆ ತಿರುಗಿ, ಉಳಿದಿದ್ದ ಲಗ್ನಪತ್ರಗಳ ಕಟ್ಟಿನಿಂದ ದಪ್ಪನೆಯ ಒಂದನ್ನು ಎಳೆದು, ಕತ್ತರಿಸಿ, ಮಡಿಚಿ, ಕೆಳಗೆ ಕೊಟ್ಟ. ಗಟ್ಟಿಯಾಗಿ ಕೂತಿತು. ಮದುಮಕ್ಕಳ ಹೆಸರಿನ ಅರ್ಧ ಭಾಗ ಈಗಲೂ ಒಳಗಿದೆ.

ಇಲ್ಲಿಯವರೆಗೆ ಎಲ್ಲ ಸರಿ. ಮುಂದಿನದನ್ನು ಬೆಂಗಳೂರಿನವನು ವಿವರಿಸತೊಡಗಿದಾಗ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರಿಗೆ ಭಾರೀ ಖುಷಿಯಾಯಿತು. ವಿಷಯ ಹೀಗಿದೆ. ಹೊಸ ಎಸ್‌ಎಸ್‌ಡಿ ಸೆಕೆಂಡಿಗೆ 6 ಗಿಗಾಬಿಟ್ ಓಡಿಸಬಲ್ಲದು. ಲ್ಯಾಪ್‌ಟಾಪಿನ ಚಿಪ್ಪಿಗೆ 3ರ ತಾಕತ್ತಿದೆ. ಆದರೆ ಮಾಡಿದ ಕಂಪನಿ, ಯಾವ ಕಾರಣಕ್ಕೋ, ಬಯೋಸ್ ಎಂಬ ಒಳತಂತ್ರಾಂಶದಲ್ಲಿ ಒಂದು ಗಂಟು ಹಾಕಿ 1.5ಕ್ಕೆ ಕಟ್ಟಿಹಾಕಿದೆ.

“ಅಂದ್ರ ಮಂಜೂರಾದದ್ದು ಆರು, ಬಿಡುಗಡೆ ಆದದ್ದು ಮೂರು, ನಮಗ ಮುಟ್ಟಿದ್ದು ಒಂದೂವರೆ. ಇದರಾಗ ಹೊಸಾದೇನೈತೋ ತಮ್ಮಾ? ನಾ ಎರಡು ಸಲ ಪಂಚಾಯಿತಿ ಮೆಂಬರ್ ಆಗಿದ್ದೆ” ಎಂದರು ಅವರು.

ಆದರೂ ಆ ಒಂದೂವರೆಯೇ ಸಾಕು ಎನ್ನುವುದು ತಾಂತ್ರಿಕ ಸತ್ಯ. ಹಳೇ ಡಿಸ್ಕಿನಲ್ಲಿ ತಟ್ಟೆ ತಿರುಗಬೇಕು, ಸೂಜಿಯಂಥ ತೋಳು ಆ ತಟ್ಟೆಯ ಮೇಲೆ ಅತ್ತಿತ್ತ ಓಡಾಡಿ ಬೇಕಾದ ಜಾಗ ಹುಡುಕಬೇಕು. ತೋಳು ಜಾಗ ಸೇರಲು ಹತ್ತು ಹನ್ನೆರಡು ಮಿಲಿಸೆಕೆಂಡು, ತಟ್ಟೆ ಅರ್ಧ ಸುತ್ತು ಬಂದು ಎದುರಾಗಲು ಇನ್ನೊಂದು ಐದೂವರೆ. ಚಿಲ್ಲರೆ ಎನಿಸಬಹುದು; ಆದರೆ ವಿಂಡೋಸ್ ಚಾಲೂ ಆಗಬೇಕಾದರೆ ಇಂಥ ಸಾವಿರಾರು ಹುಡುಕಾಟ. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಹುಡುಕುವುದೂ ಇಲ್ಲ. ತಿರುಗುವುದರ ಬಗ್ಗೆ ಹೇಳಬೇಕೆಂದರೆ ಗಜೇಂದ್ರಗಡದ ಗುಡ್ಡದ ತುಂಬ ಗಾಳಿ ಫ್ಯಾನುಗಳು ಹಗಲು ರಾತ್ರಿ ಆಲಸ್ಯದಿಂದ ತಿರುಗಿ ಕರೆಂಟು ಮಾಡುತ್ತವೆ, ಅದು ನಮ್ಮ ತಲೆಯ ಮೇಲಿನಿಂದಲೇ ಎಲ್ಲಿಗೋ ಹೋಗುತ್ತದೆ. ನಮ್ಮ ಡಿಸ್ಕು ನಿಮಿಷಕ್ಕೆ 5400 ಸಲ ತಿರುಗಿಯೂ ಒಂದು ಪಹಣಿ ಕೊಡಲಿಲ್ಲ. ತಿರುಗುವವರಿಂದ ಊರಿಗೆ ಪ್ರಯೋಜನವಿಲ್ಲ ಎನ್ನುವುದು ಕಚೇರಿ ತಿರುಗಿದ ರೈತರಿಗೆ ಮೊದಲೇ ಗೊತ್ತಿತ್ತು.

ಹಳೆಯದರಲ್ಲಿದ್ದುದನ್ನು ಹೊಸದಕ್ಕೆ ಇದ್ದ ಹಾಗೇ ಇಳಿಸುವ ಪ್ರಯತ್ನ ಅರ್ಧದಲ್ಲಿ ನಿಂತಿತು. ಬ್ಯಾಡ್ ಸೆಕ್ಟರ್. ಡಿಸ್ಕು ಟಕ್ ಟಕ್ ಎಂದು ಬಡಿದುಕೊಂಡು ಸುಮ್ಮನಾಗುತ್ತಿತ್ತು. ಕೊನೆಗೆ ವಿಂಡೋಸನ್ನು ಹೊಸದಾಗಿ ಹಾಕಿ, ಫೈಲುಗಳನ್ನು ಮಾತ್ರ ಒಂದೊಂದಾಗಿ ಎತ್ತಿಕೊಳ್ಳುವುದೆಂದಾಯಿತು. ಯಾವ ವಿಂಡೋಸ್? ಹನ್ನೊಂದನೆಯದು ಈ ಲ್ಯಾಪ್‌ಟಾಪನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ, ತನಗೆ ಬೇಕಾದಂಥ ಟಿಪಿಎಂ ಚಿಪ್ಪಿಲ್ಲ, ವಯಸ್ಸಾಗಿದೆ ಎನ್ನುತ್ತದೆ. ಹತ್ತನೆಯದಕ್ಕೆ 2025ರ ಅಕ್ಟೋಬರ್ 14ಕ್ಕೇ ಕಂಪನಿ ಎಳ್ಳುನೀರು ಬಿಟ್ಟಿದೆ. ಬದುಕಿರುವುದು ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಳ್ಳುವುದು ಬದುಕಿಲ್ಲ. ಹತ್ತನ್ನೇ ಹಾಕಿದರು.

ಈಗ ಬಂತು ನೋಡಿ ಸೊಗಸು. ಆ ಡಿಸ್ಕಿನಲ್ಲಿ ಏನಿತ್ತು? ಸುತ್ತಲಿನ ಊರುಗಳ ಅರ್ಧ ಜನರ ಆಧಾರ್ ಕಾರ್ಡು, ಬೆರಳ ತುದಿಯೊಂದು ಬಿಟ್ಟು ಉಳಿದದ್ದೆಲ್ಲ. 2023ರಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾಯ್ದೆ ಮಾಡಿತು. ನಮ್ಮ ವೈಯಕ್ತಿಕ ದತ್ತಾಂಶವನ್ನು ಅಲ್ಲಿಯವರೆಗೆ ರಕ್ಷಿಸಿದ್ದು ‘ನ್ಯೂ ಫೋಲ್ಡರ್ (17)’ ಎಂಬ ಹೆಸರು. ಯಾವ ಕಳ್ಳನಿಗೂ ಅದರೊಳಗೆ ಹೋಗಿ ಹುಡುಕುವ ತಾಳ್ಮೆ ಇರಲಿಕ್ಕಿಲ್ಲ. ಜೊತೆಗೆ ಮುಖಂಡರ ಹುಟ್ಟುಹಬ್ಬದ ಬ್ಯಾನರುಗಳು. ಅವುಗಳಲ್ಲಿ ಮುಖ ಒಂದೇ, ಪಕ್ಷ ಮಾತ್ರ ಮೂರು ತರಹ. ಡಿಜೆ ಹಾಡುಗಳು. ಆಮೇಲೆ ಅರ್ಜಿಗಳು.

ಅರ್ಜಿಗಳ ಫೋಲ್ಡರನ್ನು ಪುರಾತತ್ವ ಇಲಾಖೆಗೆ ಒಪ್ಪಿಸಬೇಕಿತ್ತು. ಹಳ್ಳದ ಸಿಡಿ ಎಂಬ ಕಿರುಸೇತುವೆ, ಶಾಲೆಯ ಮಾಳಿಗೆ, ಕರೆಂಟಿನ ಟಿಸಿ ಸುಟ್ಟದ್ದು. ವಿಷಯ ಅದೇ, ಮಾನ್ಯರೇ ಅದೇ, ತಮ್ಮ ವಿಶ್ವಾಸಿ ಅದೇ. ವರ್ಷಕ್ಕೊಂದು ಸಲ ತಾರೀಖು ಬದಲಾಗಿದೆ, ಅಷ್ಟೇ. 2017ರವರೆಗೆ ‘ಮಾನ್ಯ ತಹಶೀಲ್ದಾರರು, ರೋಣ’. 2018ರಲ್ಲಿ ಗಜೇಂದ್ರಗಡ ತಾಲ್ಲೂಕು ಆಯಿತಲ್ಲ, ಆಗ ಹುಡುಗ ಫೈಂಡ್ ಅಂಡ್ ರಿಪ್ಲೇಸ್ ಒತ್ತಿದ್ದಾನೆ. ಎಲ್ಲ ಅರ್ಜಿಗಳಲ್ಲೂ ರೋಣ ಹೋಗಿ ಗಜೇಂದ್ರಗಡ ಬಂದಿದೆ. ಆಡಳಿತ ಜನರ ಬಾಗಿಲಿಗೆ ಬಂದದ್ದು ಹೀಗೆ, ಒಂದು ಗುಂಡಿ ಒತ್ತಿದ್ದಕ್ಕೆ.

ಹಾಗೆ ನೋಡಿದರೆ ನಮ್ಮ ಸೀಮೆಯನ್ನು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಎತ್ತಿಹಾಕುವುದು ಬಹಳ ಹಳೆಯ ಕೆಲಸ. 1956ರ ಸೆಪ್ಟೆಂಬರಿನಲ್ಲಿ ಐಬಿಎಂ ಕಂಪನಿ ಜಗತ್ತಿನ ಮೊದಲ ಹಾರ್ಡ್ ಡಿಸ್ಕನ್ನು ಹೊರತಂದಿತು: ಎರಡಡಿ ಅಗಲದ 50 ತಟ್ಟೆಗಳು, ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಈಗ ಫೋನಿನಲ್ಲಿ ತೆಗೆದ ಒಂದು ಫೋಟೊಕ್ಕೆ ಆಗುವಷ್ಟು. ಅದೇ ವರ್ಷ ನವೆಂಬರ್ 1ಕ್ಕೆ ನಮ್ಮನ್ನು ಮುಂಬಯಿ ರಾಜ್ಯದಿಂದ ಕಿತ್ತು ಮೈಸೂರು ರಾಜ್ಯಕ್ಕೆ ಕಾಪಿ ಮಾಡಿದರು. 1973ರಲ್ಲಿ ಫೋಲ್ಡರಿನ ಹೆಸರು ಕರ್ನಾಟಕ ಎಂದಾಯಿತು. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಕಟ್ ಮಾಡಿ ಗದಗಕ್ಕೆ ಪೇಸ್ಟ್ ಮಾಡಿದರು. ಊರು ಕೂತ ಜಾಗದಿಂದ ಒಂದು ಗೇಣೂ ಸರಿದಿಲ್ಲ. ಈಗ ತಾಲ್ಲೂಕು ಗಜೇಂದ್ರಗಡ, ವಿಧಾನಸಭೆಗೆ ರೋಣ, ಜಿಲ್ಲೆ ಗದಗ, ಲೋಕಸಭೆಗೆ ಹಾವೇರಿ, ಹೈಕೋರ್ಟಿಗೆ ಧಾರವಾಡ. ಹಳ್ಳದ ಸಿಡಿ ಇವುಗಳಲ್ಲಿ ಯಾವ ಫೋಲ್ಡರಿನಲ್ಲಿದೆ ಎಂದು ತಿಳಿಯುವಷ್ಟರಲ್ಲಿ ಮಳೆಗಾಲ ಬರುತ್ತದೆ, ಸಿಡಿ ಹೋಗುತ್ತದೆ.

ಇಷ್ಟೆಲ್ಲ ಅರ್ಜಿಗಳು ಹೊಸ ಎಸ್‌ಎಸ್‌ಡಿಗೆ ಬಂದವು. ತೆರೆದು ನೋಡಿದರೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಚುಕ್ಕಿ, ಕೊಂಬು, ಟೋಪಿ. ಎಲ್ಲವನ್ನೂ ಹಳೇ ನುಡಿ ಫಾಂಟಿನಲ್ಲಿ, ಯೂನಿಕೋಡ್ ಅಲ್ಲದ್ದರಲ್ಲಿ ಟೈಪ್ ಮಾಡಿದ್ದು. ಹೊಸ ವಿಂಡೋಸಿನಲ್ಲಿ ಆ ಫಾಂಟು ಇರಲಿಲ್ಲ. ಫಾಂಟು ಹಾಕಿದರೆ ಮತ್ತೆ ಕನ್ನಡವಾಗುತ್ತದೆ, ಬದಲಾಯಿಸುವ ತಂತ್ರಾಂಶಗಳೂ ಇವೆ, ಅದೇನು ದೊಡ್ಡದಲ್ಲ. ಆದರೂ ಇಲ್ಲಿಂದ ಸ್ವಲ್ಪ ದೂರದ ಸೂಡಿಯಲ್ಲಿ ಚಾಲುಕ್ಯರ ಅಕ್ಕಾದೇವಿಯ ಕಾಲದ ಶಾಸನಗಳಿವೆ. ಸಾವಿರ ವರ್ಷದ ಹತ್ತಿರ ಬಂತು, ಬಿಸಿಲು ಮಳೆಯಲ್ಲಿ ನಿಂತಿವೆ, ಬಲ್ಲವರು ಈಗಲೂ ಓದುತ್ತಾರೆ. 2011ರಲ್ಲಿ ನಮ್ಮೂರವರು ಬರೆದ ಅರ್ಜಿಯನ್ನು ಊರವರೇ ಓದಲಾರರು. ಹುಡುಗ ಗಾಬರಿಯಾದ. ಹಿರಿಯರು ಸಮಾಧಾನ ಹೇಳಿದರು: “ಇರಲಿ ಬಿಡೋ ತಮ್ಮಾ. ಕನ್ನಡದಾಗ ಇದ್ದಾಗ ಯಾರು ಓದ್ಯಾರಂತ?”

ಆ ಕಲಸುಮೇಲೋಗರದ ಅರ್ಜಿಯನ್ನೇ ಯಾರೋ ಪ್ರಿಂಟು ತೆಗೆದು ಕಚೇರಿಗೆ ಕೊಟ್ಟುಬಂದರು. ‘ಸ್ವೀಕರಿಸಲಾಗಿದೆ, ಸೂಕ್ತ ಕ್ರಮಕ್ಕಾಗಿ’ ಎಂದು ಸಿಕ್ಕೆ ಬಿತ್ತು.

ಲ್ಯಾಪ್‌ಟಾಪು ಈಗ ಗುಂಡಿ ಒತ್ತಿ ಎರಡು ಸಲ ಕೆಮ್ಮುವುದರೊಳಗೆ ತಯಾರು. ಮೊದಲ ನಷ್ಟ ಚಹಾದಂಗಡಿಯ ಕಾಕಾನದು. ಆ ಹಳೇ ಡಿಸ್ಕು ಅವನ ಪಾಲುದಾರ ಇದ್ದ ಹಾಗಿತ್ತು. ಅದು ಎದ್ದು ಕೂರುವವರೆಗೆ ಕಟ್ಟೆಯ ಮೇಲಿನವರು ಚಹಾ, ಮಿರ್ಚಿ ಭಜಿ ಎನ್ನುತ್ತ ಎರಡು ನಿಶ್ಚಿತಾರ್ಥ, ಒಂದು ಬದುವಿನ ಜಗಳ ಬಗೆಹರಿಸಿರುತ್ತಿದ್ದರು. ಈಗ ಮಂದಿ ಕೂರುವುದೇ ಇಲ್ಲ, ನೇರ ಒಳಗೆ ಹೋಗಿ ಪರದೆ ನೋಡುತ್ತಾರೆ. ಪರದೆಯ ಮೇಲೆ ಒಂದು ಬಿಳಿಯ ಚಕ್ರ ತಿರುಗುತ್ತಿರುತ್ತದೆ. ಆಮೇಲೆ ಸರ್ವರ್ ಜೊತೆ ಸಂಪರ್ಕ ಸಾಧ್ಯವಾಗುತ್ತಿಲ್ಲ ಎಂಬ ಒಂದು ಸಾಲು. ಮೊದಲು ಈ ಸಾಲನ್ನು ನೋಡಲು ಅರ್ಧ ತಾಸು ಬೇಕಾಗುತ್ತಿತ್ತು. ಈಗ ಅರ್ಧ ನಿಮಿಷ.

“ಈಗ ಯಾಕ ಬರವಲ್ದು?” ಎಂದರು ಜನ.

ಹುಡುಗ ಅಭ್ಯಾಸಬಲದಿಂದ “ಲ್ಯಾಪ್‌ಟಾಪ್ ಸ್ಲೋ...” ಎಂದು ಬಾಯಿ ತೆರೆದು, ಅಲ್ಲಿಗೇ ಮುಚ್ಚಿಕೊಂಡ.

ಮುದುಕಿಯೊಬ್ಬಳು ಬಿಡಲಿಲ್ಲ. ಸಕಾಲ ಎಂಬ ಕಾಯ್ದೆ 2011ರದು, ಮರುವರ್ಷವೇ ಜಾರಿಗೆ ಬಂತು. ಹೇಳಿದ ದಿನಕ್ಕೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಇದನ್ನು ಆಕೆ ಯಾವುದೋ ಕಚೇರಿಯ ಗೋಡೆಯ ಮೇಲೆ ಮೊಮ್ಮಗಳ ಕೈಲಿ ಓದಿಸಿಕೊಂಡಿದ್ದಾಳೆ. “ಯಪ್ಪಾ, ಆ ಸರ್ವರಿಗೆ ಸಕಾಲ ಹತ್ತೂದಿಲ್ಲೇನು? ಇಪ್ಪತ್ತು ರೂಪಾಯಿ ಅವ ಕೊಡ್ತಾನೋ, ನೀ ಕೊಡ್ತೀಯೋ?”

ಸರ್ವರ್ ಬಂದ ದಿನವಾದರೂ ಸುಖವೇ? ಅಂದು ಪಹಣಿ ಬಂದವು, ಸರಸರ ಬಂದವು. ಭೂಮಿ ಯೋಜನೆಯಲ್ಲಿ ಈ ಶತಮಾನದ ಆರಂಭಕ್ಕೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು, 67 ಲಕ್ಷ ಭೂಮಾಲೀಕರದು. ಜಗತ್ತೇ ಮೆಚ್ಚಿದ ಕೆಲಸ, ನಾನೂ ಮೆಚ್ಚಿದ್ದೇನೆ. ಲಂಚ ಕೊಟ್ಟು ಪಹಣಿ ತಂದವರಿಗೆ ಅದರ ಬೆಲೆ ಗೊತ್ತು. ಆದರೆ ಅಷ್ಟು ಕೋಟಿ ಏರಿಸುವಾಗ ಬೆರಳು ಅಲ್ಲಲ್ಲಿ ಜಾರಿತು. ಒಬ್ಬ ಅಜ್ಜನ ಹೆಸರಿನ ಕೊನೆಯ ‘ಪ್ಪ’ ಹೋಗಿ ‘ವ್ವ’ ಆಗಿ ಕೂತಿದೆ. ಅವನು ತಿದ್ದುಪಡಿಗೆ ಅರ್ಜಿ ಹಾಕುತ್ತ ಹಾಕುತ್ತ ಮೊಮ್ಮಕ್ಕಳನ್ನು ಕಂಡ. ಎಸ್‌ಎಸ್‌ಡಿ ಬಂದ ಮೇಲೆ ಮೊದಲ ಪ್ರತಿ ತೆಗೆಸಿ, ಕನ್ನಡಕ ಏರಿಸಿ ನೋಡಿದ. ‘ವ್ವ’ ಅಚ್ಚುಕಟ್ಟಾಗಿ, ಮೊದಲಿಗಿಂತ ಬಹಳ ಬೇಗ ಬಂದಿತ್ತು.

“ಹಂಗಾರ ತಮ್ಮಾ, ಸರಕಾರದ ಲೆಕ್ಕದಾಗ ನಾ ಹೆಣ್ಣುಮಗಳು ಅನ್ನೂದು ಖಾತ್ರಿ ಆತು. ಗೃಹಲಕ್ಷ್ಮಿ ಎರಡ್ ಸಾವಿರ ಯಾಕ ಬರವಲ್ದು ನನಗ? ಬಸ್ಸಿನ್ಯಾಗೂ ಟಿಕೀಟ್ ತಗೊಂಡು ಅಡ್ಡಾಡೇನಿ ಇಷ್ಟ್ ದಿನಾ.”

ನ್ಯಾಯವಾದ ಪ್ರಶ್ನೆ. ಮೊದಲಾಗಿದ್ದರೆ ಇದಕ್ಕೂ ಡಿಸ್ಕೇ ಹೊಣೆಯಾಗುತ್ತಿತ್ತು. ಈಗ ಹುಡುಗ ದಿಕ್ಕುತೋಚದೆ, “ಗ್ರಾಮ ಆಡಳಿತಾಧಿಕಾರಿನ್ನ ಕೇಳ್ ಹೋಗು ಯಜ್ಜಾ” ಎಂದ. ಆ ಅಧಿಕಾರಿಗಳ ಪಾಡು ಬೇರೆಯೇ. ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು 2024ರ ಸೆಪ್ಟೆಂಬರಿನಲ್ಲಿ ಮುಷ್ಕರ ಹೂಡಿದ್ದರು. ಹತ್ತಾರು ಆ್ಯಪ್‌ಗಳಲ್ಲಿ ಕೆಲಸ ಮಾಡಿ ಎನ್ನುತ್ತೀರಿ, ಮಾಡಲು ಮೊಬೈಲು, ಲ್ಯಾಪ್‌ಟಾಪು ಕೊಡಿ ಎಂದು. ಪಾಪ, ಮಷೀನೇ ಇಲ್ಲದವರಿಗೆ ಮಷೀನ್ ಸ್ಲೋ ಎನ್ನುವ ಭಾಗ್ಯವೂ ಇಲ್ಲ.

ಹೀಗೆ ಒಂದೊಂದೇ ಪ್ರಶ್ನೆ ಡಿಸ್ಕಿನ ತಡೆ ಇಲ್ಲದೆ ಮೇಲಕ್ಕೆ ಹರಿಯತೊಡಗಿತು. ಅಂಗಡಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಗದಗಕ್ಕೆ. ಜನ ಪರದೆಯ ಫೋಟೊ ತೆಗೆದುಕೊಂಡು ಕಚೇರಿಗೇ ಹೋಗಿ, “ಇಲ್ಲಿ ನೋಡ್ರಿ, ನಮ್ಮ ಕಡಿಂದ ಎಲ್ಲಾ ಆಗೇತಿ” ಎನ್ನತೊಡಗಿದರು.

ಒಂದು ಸಂಜೆ ಯಾವುದೋ ಕಚೇರಿಯ ಸಾಹೇಬರೊಬ್ಬರು ಬೈಕ್ ನಿಲ್ಲಿಸಿ ಅಂಗಡಿಗೆ ಬಂದರು. ಝೆರಾಕ್ಸ್ ಬೇಡ, ಫೋಟೊ ಬೇಡ. ಅತ್ತಿತ್ತ ನೋಡಿ, ದನಿ ಇಳಿಸಿ ಕೇಳಿದರು:

“ತಮ್ಮಾ, ಆ ಹಳೇ ಹಾರ್ಡ್ ಡಿಸ್ಕ್ ಏನ್ ಮಾಡಿದಿ?”

“ಇಲ್ಲೇ ಐತ್ರಿ ಸರ. ಊರ ಮಂದಿ ಆಧಾರ್ ಇದ್ವು, ಎಲ್ಲಾ ಅಳಿಸಿ ಇಟ್ಟೇನಿ. ಕೆಟ್ಟೈತ್ರಿ ಅದು, ಟಕ್ ಟಕ್ ಅಂತೈತಿ.”

“ಅನ್ಲಿ, ಅನ್ಲಿ. ನಮ್ಮ ಆಫೀಸಿಗೆ ಎಲ್ಲಾ ಹೊಸಾ ಕಂಪ್ಯೂಟರ್ ಬಂದಾವು. ಬಂದಾಗಿಂದ ಮಂದಿ ಕೆಲಸಾ ಕೇಳಾಕತ್ತಾರ. ಒಂದಕ್ಕರ ಅದನ್ನ ಹಾಕಿ ಕೊಡು.”

ಹುಡುಗ ಎಸ್‌ಎಸ್‌ಡಿಗೆ ಕೊಟ್ಟದ್ದಕ್ಕಿಂತ ನೂರು ರೂಪಾಯಿ ಹೆಚ್ಚಿಗೆ ಹೇಳಿದ. ಸಾಹೇಬರು ಚೌಕಾಸಿ ಮಾಡಲಿಲ್ಲ. ರಸೀದಿ ಮಾತ್ರ ಬೇಡ ಎಂದರು.